ಹೊಗೆಗೂಡಿನ ಫ್ರಾಂಕ್ಲಿನ್

ಹೋದ ಡಿಸೆಂಬರಿನಲ್ಲಿ ನಮ್ಮ ಹಾಸ್ಟೆಲಿನ ಎರಡನೇ ಮಹಡಿಯಲ್ಲಿ ಬೆಂಕಿ ಬಿತ್ತು. ದೊಡ್ಡದೇನಲ್ಲ. ಸ್ನಾನದ ನೀರಿಗೆ ಬಕೆಟ್ಟಿನಲ್ಲಿ ಕಾಯಿಲ್ ಇಳಿಬಿಟ್ಟಿದ್ದ ಗೆಳೆಯನೊಬ್ಬ ಫೋನ್ ಬಂತು ಅಂತ ಟೆರೇಸಿಗೆ ಹೋದ, ಮಾತು ಉದ್ದವಾಯ್ತು. ನೀರು ಕುದ್ದು ಇಂಗಿತು, ಬಕೆಟ್ ಕರಗಿತು, ಮಂಚದ ಕಂಬಿಗೆ ಒಣಹಾಕಿದ್ದ ಟವೆಲ್ ಹೊತ್ತಿಕೊಂಡಿತು, ಅಲ್ಲಿಂದ ಹಾಸಿಗೆಗೆ ಹತ್ತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಐದು ನಿಮಿಷ ನಾವು ಆಡಿದ ಆಟ ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಗೋಡೆಯಲ್ಲಿ ಕೆಂಪು ಸಿಲಿಂಡರ್ ತೂಗುತ್ತಿತ್ತು. ಅದರ ಪಿನ್ ಹೇಗೆ ಎಳೀಬೇಕು ಅಂತ ಮೆಕ್ಯಾನಿಕಲ್, ಸಿವಿಲ್, ಸಿಎಸ್ ಯಾವ ಬ್ರಾಂಚಿನವರಿಗೂ ಗೊತ್ತಿರಲಿಲ್ಲ. ಒಬ್ಬ ಮಗ್ಗಿನಲ್ಲಿ ನೀರು ಹಿಡಿದು ಓಡಿಬಂದ, ಸ್ವಿಚ್ ಇನ್ನೂ ಆನ್ ಇತ್ತು! ಎಲೆಕ್ಟ್ರಿಕಲ್‌ನ ಸೀನಿಯರ್ ಒಬ್ಬರು ಕೂಗಿ ಅವನನ್ನು ತಡೆದು ಮೇನ್ ಆಫ್ ಮಾಡಿದರು. ಇಲ್ಲದಿದ್ದರೆ ಈ ಲೇಖನದ ಧಾಟಿಯೇ ಬೇರೆ ಇರುತ್ತಿತ್ತು.

ಈ ಸಂಚಿಕೆಯ ವ್ಯಕ್ತಿ ಪರಿಚಯಕ್ಕೆ ಯಾರನ್ನು ತಗೊಳ್ಳೋಣ ಅಂತ ಬಳಗದ ಸಭೆಯಲ್ಲಿ ಕೇಳಿದಾಗ ಮಾಮೂಲಿ ಹೆಸರುಗಳೆಲ್ಲ ಬಂದವು. ಕೊನೆಗೆ ನಾವು ಬೆಂಜಮಿನ್ ಫ್ರಾಂಕ್ಲಿನ್ ಅಂದೆವು. ಗಾಳಿಪಟದ ಫ್ರಾಂಕ್ಲಿನ್ ಎಲ್ಲರಿಗೂ ಗೊತ್ತು, ನೂರು ಡಾಲರ್ ನೋಟಿನ ಮೇಲಿನ ಮುಖವೂ ಗೊತ್ತು. ಆದರೆ ಈ ಮನುಷ್ಯ ತನ್ನ 84 ವರ್ಷದ ಬದುಕಿನಲ್ಲಿ ಮತ್ತೆ ಮತ್ತೆ ಹಿಂದಿರುಗಿದ್ದು ಮನೆಯೊಳಗಿನ ಒಲೆಯ ಹತ್ತಿರಕ್ಕೆ. ಚಳಿಗೆ ಅಂತ ನಾವೇ ಮನೆಯೊಳಗೆ ತಂದಿಟ್ಟುಕೊಂಡ ಬೆಂಕಿ ಮನೆಯನ್ನೇ ತಿನ್ನದ ಹಾಗೆ ನೋಡಿಕೊಳ್ಳುವುದು ಹೇಗೆ ಅನ್ನುವ ಪ್ರಶ್ನೆ ಆತನನ್ನು ಬಿಡಲೇ ಇಲ್ಲ. ಆ ಫ್ರಾಂಕ್ಲಿನ್ ಬಗ್ಗೆ ನಮಗೂ ಹೆಚ್ಚೇನೂ ಗೊತ್ತಿರಲಿಲ್ಲ.

ಹುಟ್ಟಿದ್ದು 1706ರ ಜನವರಿ 17ರಂದು, ಬಾಸ್ಟನ್ನಿನಲ್ಲಿ. ಅಮೆರಿಕ ಆಗ ಬ್ರಿಟಿಷರ ವಸಾಹತು. ಅಪ್ಪ ಜೋಸಯ್ಯ ಪ್ರಾಣಿಗಳ ಕೊಬ್ಬು ಕಾಯಿಸಿ ಮೇಣದಬತ್ತಿ, ಸಾಬೂನು ಮಾಡುತ್ತಿದ್ದವರು. ಹದಿನೇಳು ಮಕ್ಕಳಲ್ಲಿ ಇವನು ಹದಿನೈದನೆಯವನು. ಶಾಲೆಗೆ ಹೋಗಿದ್ದು ಎರಡೇ ವರ್ಷ. ಹತ್ತನೇ ವಯಸ್ಸಿಗೆ ಅಪ್ಪನ ಅಂಗಡಿ ಸೇರಿ ಬತ್ತಿ ಕತ್ತರಿಸುವುದು, ಅಚ್ಚಿಗೆ ಕೊಬ್ಬು ಎರೆಯುವುದು. ಅಂದರೆ ಬಾಲ್ಯ ಕಳೆದದ್ದೇ ಒಲೆಯ ಮುಂದೆ. ಅವನಿಗೆ ಐದು ವರ್ಷವಿದ್ದಾಗ, 1711ರಲ್ಲಿ, ಬಾಸ್ಟನ್ನಿನಲ್ಲಿ ದೊಡ್ಡ ಬೆಂಕಿ ಬಿದ್ದು ಸುಮಾರು ನೂರು ಮನೆಗಳ ಜೊತೆಗೆ ಊರಿನ ಪುರಭವನವೂ ಸುಟ್ಟುಹೋಗಿತ್ತು.

ಹನ್ನೆರಡಕ್ಕೆ ಅಣ್ಣ ಜೇಮ್ಸನ ಮುದ್ರಣಾಲಯದಲ್ಲಿ ಕೆಲಸ ಕಲಿಯಲು ಸೇರಿದ. ಅಣ್ಣನಿಗೂ ಇವನಿಗೂ ಆಗಿಬರಲಿಲ್ಲ. 1723ರಲ್ಲಿ ಹೇಳದೆ ಕೇಳದೆ ಮನೆ ಬಿಟ್ಟು ಫಿಲಡೆಲ್ಫಿಯಾ ಸೇರಿದ, ಮಧ್ಯೆ ಲಂಡನ್ನಿಗೂ ಹೋಗಿ ಬಂದ. 1729ರ ಹೊತ್ತಿಗೆ ತನ್ನದೇ ಪ್ರೆಸ್ಸು, ತನ್ನದೇ ಪತ್ರಿಕೆ 'ಪೆನ್ಸಿಲ್ವೇನಿಯಾ ಗೆಜೆಟ್'. ಅದಕ್ಕೂ ಎರಡು ವರ್ಷ ಮೊದಲು, ಇಪ್ಪತ್ತೊಂದರ ವಯಸ್ಸಿನಲ್ಲಿ, ಕೈಕೆಲಸದ ಗೆಳೆಯರನ್ನು ಸೇರಿಸಿ ಜಂಟೋ ಅನ್ನುವ ಒಂದು ಕೂಟ ಕಟ್ಟಿದ್ದ. ವಾರಕ್ಕೊಮ್ಮೆ ಸೇರುವುದು, ಯಾರಾದರೊಬ್ಬರು ಪ್ರಬಂಧ ಓದುವುದು, ಉಳಿದವರು ವಾದ ಮಾಡುವುದು. ನಮ್ಮ ಬಳಗದ ಹಾಗೇ ಅಂದುಕೊಳ್ಳಿ. ವ್ಯತ್ಯಾಸ ಏನಂದ್ರೆ ಅವರು ಟೈಮಿಗೆ ಸರಿಯಾಗಿ ಬರುತ್ತಿದ್ದರು ಅನ್ಸುತ್ತೆ.

1730ರಲ್ಲಿ ಫಿಲಡೆಲ್ಫಿಯಾದ ಹಡಗುಕಟ್ಟೆಯ ಬಳಿ ಬೆಂಕಿ ಹೊತ್ತಿಕೊಂಡು ಗೋದಾಮುಗಳು, ಎದುರಿನ ಮನೆಗಳು ಬೂದಿಯಾದವು. ಊರಿನಲ್ಲಿ ಸರಿಯಾದ ಪಂಪಿಲ್ಲ, ಬಕೆಟ್ಟಿಲ್ಲ. ಆಮೇಲೆ ಊರಿನವರು ಇಂಗ್ಲೆಂಡಿನಿಂದ ಕೈಪಂಪಿನ ಗಾಡಿ ತರಿಸಲು ಹೊರಟರು. ಪತ್ರಿಕೆಯವನಾಗಿ ಫ್ರಾಂಕ್ಲಿನ್ ಇದನ್ನೆಲ್ಲ ಹತ್ತಿರದಿಂದ ನೋಡಿದ. ಗಾಡಿ ತರಿಸುವುದು ಸರಿಯೇ, ಆದರೆ ಬೆಂಕಿ ಎಲ್ಲಿಂದ ಶುರುವಾಗುತ್ತಿದೆ ಅನ್ನುವುದು ಆತನ ತಲೆಯಲ್ಲಿ ಹೊಕ್ಕ ಪ್ರಶ್ನೆ.

ಅದಕ್ಕೆ ಉತ್ತರವಾಗಿ 1735ರ ಫೆಬ್ರವರಿಯಲ್ಲಿ ಗೆಜೆಟ್‌ನಲ್ಲಿ ಒಂದು ಪತ್ರ ಪ್ರಕಟವಾಯಿತು. ಬರೆದವರು ಊರಿನ ಒಬ್ಬ ಮುದುಕಪ್ಪ. ಕೈಲಾಗದವನು, ಬೆಂಕಿ ಬಿದ್ದಾಗ ಓಡಿಬಂದು ಸಹಾಯ ಮಾಡುವ ಶಕ್ತಿ ಇಲ್ಲ, ಅದಕ್ಕೇ ನಾಲ್ಕು ಬುದ್ಧಿಮಾತು ಹೇಳುತ್ತೇನೆ ಅನ್ನುವ ಧಾಟಿ. ಆ ಮುದುಕಪ್ಪ ಇಪ್ಪತ್ತೊಂಬತ್ತು ವರ್ಷದ ಸಂಪಾದಕ ಫ್ರಾಂಕ್ಲಿನ್ನೇ! ಚಿಕ್ಕವನ ಹೆಸರಿನಲ್ಲಿ ಬರೆದರೆ ಯಾರು ಕೇಳ್ತಾರೆ ಅಂತ ಲೆಕ್ಕ ಹಾಕಿರಬೇಕು.

ಆ ಪತ್ರದಲ್ಲಿರುವುದೆಲ್ಲ ಅಡುಗೆಮನೆ, ಮಲಗುವ ಕೋಣೆಯ ಸಂಗತಿ. ಆಗ ಬೆಂಕಿಪೊಟ್ಟಣ ಇರಲಿಲ್ಲ. ಅದು ಬರಲು ಇನ್ನೂ ಸುಮಾರು 90 ವರ್ಷ ಬೇಕಿತ್ತು. ಇನ್ನೊಂದು ಕೋಣೆಯ ಒಲೆ ಹೊತ್ತಿಸಬೇಕೆಂದರೆ ಉರಿಯುವ ಒಲೆಯಿಂದ ಸಲಿಕೆಯಲ್ಲಿ ಕೆಂಡ ಎತ್ತಿಕೊಂಡು ಮೆಟ್ಟಿಲು ಹತ್ತಬೇಕು. ಹಾಗೆ ಹೋಗುವಾಗ ಒಂದು ಚೂರು ಕೆಂಡ ಮರದ ಹಲಗೆಗಳ ಸಂದಿಗೆ ಬಿದ್ದರೆ ಆ ಕ್ಷಣ ಏನೂ ಕಾಣುವುದಿಲ್ಲ. ಒಳಗೊಳಗೇ ಕನಲುತ್ತಾ ಮಧ್ಯರಾತ್ರಿ, ಎಲ್ಲರೂ ಮಲಗಿದ ಮೇಲೆ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಳ್ಳುವುದು ಕೂಡ ಮೊದಲು ಮೆಟ್ಟಿಲೇ, ಆಗ ಕಿಟಕಿಯಿಂದ ಹಾರಿ ಕತ್ತು ಮುರಿದುಕೊಳ್ಳುವುದೊಂದೇ ದಾರಿ. ಆದ್ದರಿಂದ ಕೆಂಡ ಒಯ್ಯುವುದಾದರೆ ಮುಚ್ಚಳವಿರುವ ಪಾತ್ರೆಯಲ್ಲೇ ಒಯ್ಯಿರಿ ಅಂತ ಪತ್ರ ಹೇಳಿತು. ಒಲೆಯ ಮುಂದಿನ ಕಲ್ಲುಹಾಸು ಕಿರಿದಾಗಿರುವುದು, ಒಲೆಯ ಅಕ್ಕಪಕ್ಕ ಅಂದಕ್ಕೆ ಅಂತ ಮರದ ಪಟ್ಟಿ ಹೊಡೆಸುವುದು, ಇವೂ ಆತನ ಕಣ್ಣಿಗೆ ಬಿದ್ದಿದ್ದವು. ಚಿಕಿತ್ಸೆಗಿಂತ ಮುನ್ನೆಚ್ಚರಿಕೆ ಎಷ್ಟೋ ಪಾಲು ಮೇಲು ಅನ್ನುವ ಅರ್ಥದ ಆತನ ಒಂದು ಮಾತು ಇವತ್ತು ವೈದ್ಯರ ಬಾಯಲ್ಲಿ ಹೆಚ್ಚು ಕೇಳಿಬರುತ್ತದಲ್ಲ, ಅದು ಬಂದದ್ದು ಈ ಪತ್ರದಲ್ಲಿ, ರೋಗದ ಬಗ್ಗೆ ಅಲ್ಲ, ಸಲಿಕೆಯ ಕೆಂಡದ ಬಗ್ಗೆ.

ಚಿಮ್ನಿಯ ವಿಷಯ ಇನ್ನೂ ಮಜವಾಗಿದೆ. ಮಲೆನಾಡಿನ ಹಳೇ ಮನೆಗಳಲ್ಲಿ ಸೌದೆ ಒಲೆಯ ಮೇಲಿನ ಅಟ್ಟ ನೋಡಿದವರಿಗೆ ಇಲ್ಲಣ ಅಂದರೇನು ಅಂತ ಗೊತ್ತು. ಹೊಗೆ ಹೋದ ದಾರಿಯಲ್ಲೆಲ್ಲ ಕಪ್ಪಗೆ ಜೋತಾಡುವ, ಜಿಡ್ಡುಜಿಡ್ಡಾದ ಮಸಿ. ಚಿಮ್ನಿಯೊಳಗೂ ಅದೇ ಕಟ್ಟಿಕೊಳ್ಳುತ್ತದೆ. ಅದು ಪೂರಾ ಸುಡದೆ ಉಳಿದ ಇಂಧನವೇ. ಒಂದು ದಿನ ಕೆಳಗೆ ಜೋರು ಬೆಂಕಿ ಹಾಕಿದಾಗ ಅದು ಹೊತ್ತಿಕೊಂಡು ಚಿಮ್ನಿಯ ತುದಿಯಿಂದ ಜ್ವಾಲೆ ಚಿಮ್ಮುತ್ತದೆ. ಸುತ್ತ ಮರದ ಹಂಚಿನ ಚಾವಣಿಗಳು. ಚಿಮ್ನಿ ಗುಡಿಸಿದ ನಾಲ್ಕೇ ದಿನಕ್ಕೆ ಹೀಗಾಗಿದ್ದನ್ನು ಫ್ರಾಂಕ್ಲಿನ್ ಕಂಡಿದ್ದ. ಗುಡಿಸಿ ಆಯ್ತಲ್ಲ ಅನ್ನುವ ಧೈರ್ಯದಲ್ಲಿ ಜನ ದೊಡ್ಡ ಬೆಂಕಿ ಹಾಕುತ್ತಾರೆ, ಗುಡಿಸಿದವನು ಅರ್ಧಂಬರ್ಧ ಗುಡಿಸಿ ಹೋಗಿರುತ್ತಾನೆ, ದಂಡ ಮಾತ್ರ ಮನೆಯವನಿಗೆ. ಹಾಗಾಗಿ ಚಿಮ್ನಿ ಗುಡಿಸುವ ಗುತ್ತಿಗೆದಾರರಿಗೆ ಮೇಯರ್ ಲೈಸೆನ್ಸ್ ಕೊಡಬೇಕು, ಗುಡಿಸಿದ 15 ದಿನದೊಳಗೆ ಆ ಚಿಮ್ನಿಯಿಂದ ಬೆಂಕಿ ಎದ್ದರೆ ದಂಡ ಗುಡಿಸಿದವನೇ ಕಟ್ಟಬೇಕು ಅಂತ ಸೂಚಿಸಿದ. ಸರ್ವೀಸ್ ಮಾಡಿಸಿದ ಮೇಲೆ ಇಷ್ಟು ದಿನ ಗ್ಯಾರಂಟಿ ಅಂತ ನಾವು ಇವತ್ತು ಗೀಸರ್ ಮೆಕ್ಯಾನಿಕ್ ಹತ್ತಿರ ಜಗಳ ಆಡುತ್ತೇವಲ್ಲ, ಅದೇ.

ಒಂದು ಮಾತು ಇಲ್ಲಿ ಹೇಳಿಬಿಡಬೇಕು. ಆ ಕಾಲದ ಚಿಮ್ನಿಗಳೊಳಗೆ ಹತ್ತಿ ಮಸಿ ಕೆರೆಯುತ್ತಿದ್ದವರು ಹೆಚ್ಚಾಗಿ ಚಿಕ್ಕ ಹುಡುಗರು, ಅಮೆರಿಕದ ಪಟ್ಟಣಗಳಲ್ಲಿ ಅವರಲ್ಲಿ ಎಷ್ಟೋ ಜನ ಕಪ್ಪು ಮಕ್ಕಳು. ಫ್ರಾಂಕ್ಲಿನ್ ಮನೆಯಲ್ಲೂ ಗುಲಾಮರಿದ್ದರು, ಆತನ ಪತ್ರಿಕೆಯಲ್ಲಿ ಗುಲಾಮರ ಮಾರಾಟದ ಜಾಹೀರಾತುಗಳು ಬರುತ್ತಿದ್ದವು. ಕೊನೆಗಾಲದಲ್ಲಿ ಪೆನ್ಸಿಲ್ವೇನಿಯಾದ ಗುಲಾಮಗಿರಿ ವಿರೋಧಿ ಸಂಘಕ್ಕೆ ಅಧ್ಯಕ್ಷನಾದ ನಿಜ. ಆದರೆ ಹೊಗೆಗೂಡಿನ ಬಗ್ಗೆ ಅಷ್ಟು ಯೋಚಿಸಿದವನು ಅದರೊಳಗೆ ಹತ್ತುವ ಹುಡುಗನ ಬಗ್ಗೆ ಅಷ್ಟೇ ಯೋಚಿಸಿದ್ದು ನಮಗೆಲ್ಲೂ ಕಾಣಲಿಲ್ಲ.

ಪತ್ರ ಬರೆದು ಸುಮ್ಮನಾಗಲಿಲ್ಲ. 1736ರ ಡಿಸೆಂಬರ್ 7ರಂದು ಗೆಳೆಯರ ಜೊತೆ ಸೇರಿ ಯೂನಿಯನ್ ಫೈರ್ ಕಂಪನಿ ಶುರುಮಾಡಿದ. ಕಂಪನಿ ಅಂದರೆ ವ್ಯಾಪಾರದ್ದಲ್ಲ, ಸ್ವಯಂಸೇವಕರ ಪಡೆ. ಬಾಸ್ಟನ್ನಿನಲ್ಲಿ ಇಂಥದ್ದನ್ನು ಆತ ಕಂಡಿದ್ದ. ನಿಯಮಗಳು ಕಾಗದದ ಮೇಲಿದ್ದವು, ಪ್ರತಿಯೊಬ್ಬನ ಸಹಿಯೂ ಇತ್ತು. ಪ್ರತಿ ಸದಸ್ಯನೂ ತನ್ನ ಖರ್ಚಿನಲ್ಲಿ ಚರ್ಮದ ಬಕೆಟ್ಟುಗಳನ್ನೂ ಬಾಯಿಗೆ ದಾರವಿರುವ ಬಟ್ಟೆಯ ಚೀಲಗಳನ್ನೂ ಸದಾ ಸಿದ್ಧವಾಗಿಡಬೇಕು. ಬಕೆಟ್ ನೀರಿಗೆ, ಚೀಲ ಸಾಮಾನು ತುಂಬಿ ಹೊರಗೆ ಸಾಗಿಸಲು. ತಿಂಗಳಿಗೊಮ್ಮೆ ಸೇರಿ ಊಟ ಮಾಡುತ್ತಾ ಬೆಂಕಿಯ ಬಗ್ಗೆಯೇ ಮಾತಾಡಬೇಕು. ಸಭೆ ತಪ್ಪಿಸಿದರೆ ದಂಡ. ಆ ದಂಡದ ದುಡ್ಡಿನಲ್ಲೇ ಪಂಪು, ಏಣಿ, ಕೊಕ್ಕೆ ಕೊಂಡರು. ಮೂವತ್ತಕ್ಕಿಂತ ಹೆಚ್ಚು ಸದಸ್ಯರು ಬೇಡ ಅಂತ ಮಿತಿ. ಇನ್ನೂ ಸೇರಬೇಕು ಅಂದವರಿಗೆ, ನೀವೇ ಇನ್ನೊಂದು ಕಂಪನಿ ಕಟ್ಟಿಕೊಳ್ಳಿ ಅನ್ನುವ ಉತ್ತರ. ಹಾಗೇ ಒಂದಾದ ಮೇಲೊಂದು ಹುಟ್ಟಿ ಊರಿನ ಆಸ್ತಿವಂತರಲ್ಲಿ ಹೆಚ್ಚಿನವರು ಯಾವುದಾದರೊಂದು ಕಂಪನಿಯಲ್ಲಿದ್ದರು. ಐವತ್ತು ವರ್ಷದ ನಂತರ ಆತ್ಮಕಥೆ ಬರೆಯುವಾಗ, ಈ ಕಂಪನಿಗಳು ಬಂದ ಮೇಲೆ ಊರಿನಲ್ಲಿ ಒಂದೇ ಬೆಂಕಿಗೆ ಒಂದೆರಡು ಮನೆಗಿಂತ ಹೆಚ್ಚು ಹೋದದ್ದಿಲ್ಲ ಅಂತ ಆತ ನೆಮ್ಮದಿಯಿಂದ ದಾಖಲಿಸಿದ್ದಾನೆ.

ಇದನ್ನು ಓದಿದ ಮೇಲೆ ನಾವು ಮಾಡಿದ ಮೊದಲ ಕೆಲಸ ಹಾಸ್ಟೆಲಿನ ಎಲ್ಲ ಮಹಡಿಯ ಸಿಲಿಂಡರ್‌ಗಳ ಚೀಟಿ ಓದಿದ್ದು. ಒಂದರ ಅವಧಿ ಮುಗಿದಿತ್ತು, ಇನ್ನೊಂದರ ಮುಂದೆ ಯಾರೋ ಕ್ರಿಕೆಟ್ ಕಿಟ್ ಇಟ್ಟಿದ್ದರು. ವಾರ್ಡನ್ ಸರ್‌ಗೆ ಹೇಳಿ ಬದಲಾಯಿಸಿದ್ದಾಯ್ತು. ಕಿಟ್ ಯಾರದ್ದು ಅಂತ ಇನ್ನೂ ಗೊತ್ತಾಗಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ: ಒಲೆ. ಫಿಲಡೆಲ್ಫಿಯಾದ ಮನೆಗಳಲ್ಲಿದ್ದದ್ದು ಗೋಡೆಯೊಳಗೆ ಕಟ್ಟಿದ, ಬಾಯಿ ತೆರೆದ ದೊಡ್ಡ ಬೆಂಕಿಗೂಡು. ಅದರ ಮುಂದೆ ಕೂತರೆ ಮುಖ ಸುಡುತ್ತದೆ, ಬೆನ್ನು ಮರಗಟ್ಟುತ್ತದೆ. ಕಾರಣ ನಮಗೆ ಗೊತ್ತಿರುವುದೇ. ಬಿಸಿಗಾಳಿ ಚಿಮ್ನಿಯಲ್ಲಿ ಮೇಲೆ ಹೋದಷ್ಟೂ ಬಾಗಿಲು ಕಿಟಕಿಗಳ ಸಂದಿಯಿಂದ ಹೊರಗಿನ ತಣ್ಣನೆ ಗಾಳಿ ಒಳಗೆ ನುಗ್ಗುತ್ತದೆ. ಕೋಣೆಗೆ ಸಿಗುವುದು ಎದುರಿನಿಂದ ಬರುವ ವಿಕಿರಣದ ಶಾಖ ಮಾತ್ರ, ಉಳಿದದ್ದೆಲ್ಲ ಆಕಾಶಕ್ಕೆ. ಜೊತೆಗೆ ಕಾಡು ದೂರ ಸರಿಯುತ್ತಿತ್ತು. ಒಂದು ಕಾಲಕ್ಕೆ ಮನೆ ಬಾಗಿಲಲ್ಲೇ ಸಿಗುತ್ತಿದ್ದ ಸೌದೆಯನ್ನು ಕೆಲವು ಪಟ್ಟಣಗಳಿಗೆ ನೂರು ಮೈಲಿ ದೂರದಿಂದ ತರಬೇಕಾಗಿತ್ತು. ಜರ್ಮನ್ನರು, ಡಚ್ಚರು ಬಳಸುತ್ತಿದ್ದ ಮುಚ್ಚಿದ ಕಬ್ಬಿಣದ ಒಲೆಗಳು ಕೋಣೆಯನ್ನು ಚೆನ್ನಾಗಿ ಕಾಯಿಸುತ್ತಿದ್ದವು, ಆದರೆ ಅವುಗಳಲ್ಲಿ ಬೆಂಕಿ ಕಾಣುವುದಿಲ್ಲ, ಕೋಣೆಯ ಗಾಳಿಯೂ ಬದಲಾಗುವುದಿಲ್ಲ. ಇಂಗ್ಲಿಷ್ ಜನಕ್ಕೆ ಬೆಂಕಿ ನೋಡುತ್ತಾ ಕೂರುವ ಚಟ.

1740ರ ಆಸುಪಾಸಿನಲ್ಲಿ ಫ್ರಾಂಕ್ಲಿನ್ ಎರಡನ್ನೂ ಒಂದರಲ್ಲಿ ತರಲು ಹೊರಟ. ಎರಕದ ಕಬ್ಬಿಣದ ತಗಡುಗಳನ್ನು ಜೋಡಿಸಿದ ಒಂದು ಪೆಟ್ಟಿಗೆ, ಮುಂದೆ ತೆರೆದಿರುತ್ತದೆ. ಬೆಂಕಿಯ ಹಿಂದೆ ಒಂದು ಟೊಳ್ಳು ಗೂಡು, ಅದರೊಳಗೆ ಅಡ್ಡಡ್ಡ ತಡೆಗಳು. ಕೆಳಗಿನಿಂದ ಬರುವ ಹೊಸ ಗಾಳಿ ಈ ಗೂಡಿನೊಳಗೆ ಸುತ್ತಿ ಸುತ್ತಿ ಕಾದು, ಪಕ್ಕದ ತೂತುಗಳಿಂದ ಕೋಣೆಗೆ ಬರುತ್ತದೆ. ಹೊಗೆ ಮಾತ್ರ ನೇರ ಮೇಲೆ ಹೋಗುವ ಹಾಗಿಲ್ಲ. ಗೂಡಿನ ಮೇಲೇರಿ, ಅದರ ಬೆನ್ನ ಹಿಂದೆ ಕೆಳಗಿಳಿದು, ನೆಲದಡಿಯಿಂದ ಹಾದು ಆಮೇಲೆ ಚಿಮ್ನಿ ಸೇರಬೇಕು. ಹೋಗುವ ದಾರಿಯಲ್ಲೆಲ್ಲ ಶಾಖ ಬಿಟ್ಟುಕೊಡುತ್ತಾ ಹೋಗಬೇಕು. ಮೂರನೇ ಸೆಮ್‌ನಿಂದ ನಾವು ಉರುಹೊಡೆಯುವ ಹೀಟ್ ಎಕ್ಸ್‌ಚೇಂಜರ್ ಇದೇ ಅಲ್ವಾ? ಮುಂಭಾಗಕ್ಕೆ ಒಂದು ಜಾರು ತಗಡಿತ್ತು. ರಾತ್ರಿ ಅದನ್ನು ಇಳಿಸಿಬಿಟ್ಟರೆ ಕಿಡಿ ಹೊರಗೆ ಹಾರುವುದಿಲ್ಲ, ಗಾಳಿ ಸಿಗದೆ ಬೆಂಕಿ ತಗ್ಗುತ್ತದೆ. ತನ್ನ ಮನೆಯ ಕೋಣೆ ಮೊದಲಿನ ಕಾಲು ಭಾಗ ಸೌದೆಗೆ ಎರಡರಷ್ಟು ಬೆಚ್ಚಗಾಗಿದೆ ಅಂತ 1744ರಲ್ಲಿ ಅಚ್ಚು ಹಾಕಿಸಿದ ಪುಸ್ತಿಕೆಯಲ್ಲಿ ಆತ ಹೇಳಿಕೊಂಡ. ಸ್ವಂತ ಪ್ರಾಡಕ್ಟಿನ ಬಗ್ಗೆ ಸ್ವಂತ ರೀಡಿಂಗು, ನಾವು ಸ್ವಲ್ಪ ಉಪ್ಪು ಖಾರ ಕಳೆದೇ ಓದಿದೆವು.

ತಗಡುಗಳನ್ನು ಎರಕ ಹೊಯ್ದವನು ಜಂಟೋ ಕೂಟದ ಗೆಳೆಯ ರಾಬರ್ಟ್ ಗ್ರೇಸ್. ಪೆನ್ಸಿಲ್ವೇನಿಯಾದ ಗವರ್ನರ್ ಪುಸ್ತಿಕೆ ಓದಿ ಖುಷಿಯಾಗಿ, ಇಷ್ಟು ವರ್ಷ ನೀನೊಬ್ಬನೇ ಮಾರಬಹುದು ಅಂತ ಪೇಟೆಂಟ್ ಕೊಡಲು ಮುಂದೆ ಬಂದ. ಫ್ರಾಂಕ್ಲಿನ್ ಬೇಡ ಅಂದ. ಬೇರೆಯವರ ಆವಿಷ್ಕಾರಗಳಿಂದ ನಾವು ಅನುಕೂಲ ಪಡೆದಿದ್ದೇವೆ, ನಮ್ಮದನ್ನೂ ಹಾಗೇ ಕೊಡಬೇಕು ಅನ್ನುವುದು ಆತನ ನಿಲುವು. ಲಂಡನ್ನಿನ ಕಬ್ಬಿಣದ ವ್ಯಾಪಾರಿಯೊಬ್ಬ ಅದೇ ಪುಸ್ತಿಕೆ ನೋಡಿ, ಸಣ್ಣಪುಟ್ಟ ಬದಲಾವಣೆ ಮಾಡಿ, ಅಲ್ಲಿ ಪೇಟೆಂಟ್ ಹೊಡೆದುಕೊಂಡು ದುಡ್ಡು ಮಾಡಿದ. ಆ ಬದಲಾವಣೆಗಳಿಂದ ಒಲೆ ಕೆಟ್ಟಿತು ಅನ್ನುವುದು ಫ್ರಾಂಕ್ಲಿನ್ ಬೇಸರ.

ನಿಜ ಹೇಳಬೇಕೆಂದರೆ ಮೂಲ ಒಲೆಯೂ ಅಷ್ಟೇನೂ ಸರಿಯಿರಲಿಲ್ಲ. ಹೊಗೆಯನ್ನು ಕೆಳಗಿಳಿಸಿ ಮತ್ತೆ ಮೇಲೇರಿಸಬೇಕಾದರೆ ಚಿಮ್ನಿ ಬಿಸಿಯಾಗಿರಬೇಕು. ಚಿಮ್ನಿಯ ಸೆಳೆತ ಹುಟ್ಟುವುದೇ ಒಳಗಿನ ಬಿಸಿಗಾಳಿ ಹೊರಗಿನದಕ್ಕಿಂತ ಹಗುರವಾಗಿರುವುದರಿಂದ. ಶಾಖವನ್ನೆಲ್ಲ ಕೋಣೆಗೆ ಹಿಂಡಿಕೊಂಡರೆ ತಣ್ಣಗಾದ ಹೊಗೆಗೆ ಏರುವ ಶಕ್ತಿ ಎಲ್ಲಿಂದ ಬರಬೇಕು? ಬೆಂಕಿ ಸ್ವಲ್ಪ ಮಂಕಾದರೆ ಹೊಗೆ ಕೋಣೆಗೇ ವಾಪಸ್. ಅಷ್ಟೇ ಅಲ್ಲ, ತಣ್ಣಗಾದ ಸೌದೆ ಹೊಗೆ ದಾರಿಯುದ್ದಕ್ಕೂ ಜಿಡ್ಡು ಬಿಡುತ್ತಾ ಹೋಗುತ್ತದೆ, ಅದೇ ಇಲ್ಲಣ. ಕಿಡಿಯ ಅಪಾಯ ಕಳೆದ ಜಾಗದಲ್ಲಿ ಮಸಿಯ ಅಪಾಯ ಬಂದು ಕೂರುತ್ತದೆ. ಜನ ಆ ತಡೆಗಳನ್ನು ಕಿತ್ತುಹಾಕಿ ಬಳಸಿದರು. ಮುಂದೆ ಫಿಲಡೆಲ್ಫಿಯಾದವನೇ ಆದ ಡೇವಿಡ್ ರಿಟನ್‌ಹೌಸ್ ಹೊಗೆಗೆ ಎಲ್ ಆಕಾರದ ಕೊಳವೆ ಕೂರಿಸಿ ಸರಿಪಡಿಸಿದ. ಅದೂ ಫ್ರಾಂಕ್ಲಿನ್ ಒಲೆ ಅಂತಲೇ ಮಾರಾಟವಾಯಿತು. ಇವತ್ತು ಆ ಹೆಸರಿನಲ್ಲಿ ಸಿಗುವ ಒಲೆಗಳಲ್ಲಿ ಫ್ರಾಂಕ್ಲಿನ್‌ನ ಮೂಲ ಉಪಾಯ ಇಲ್ಲವೇ ಇಲ್ಲ.

1752 ಆತನ ಬದುಕಿನ ದೊಡ್ಡ ವರ್ಷ. ಜೂನ್‌ನ ಗಾಳಿಪಟದ ಕಥೆ ಎಲ್ಲರೂ ಓದಿದ್ದೀರಿ. ಅದರ ಫಲ ಅಂದರೆ ಮನೆಯ ಮೇಲಿಡುವ ಮಿಂಚುವಾಹಕ. ಅದನ್ನು ಕೂರಿಸುವ ವಿಧಾನವನ್ನು 1753ರ ತನ್ನ ಪಂಚಾಂಗದಲ್ಲೇ ಅಚ್ಚು ಹಾಕಿ ಊರಿಗೆಲ್ಲ ಹಂಚಿದ. ಅದಕ್ಕೂ ಪೇಟೆಂಟ್ ಇಲ್ಲ. ಅದೇ 1752ರಲ್ಲಿ ಗೆಳೆಯರೊಂದಿಗೆ ಮನೆಗಳಿಗೆ ಅಗ್ನಿವಿಮೆ ಮಾಡಿಸುವ ಸಂಸ್ಥೆ ಕಟ್ಟಿದ. ಫಿಲಡೆಲ್ಫಿಯಾ ಕಾಂಟ್ರಿಬ್ಯೂಷನ್‌ಶಿಪ್ ಅಂತ ಅದರ ಹೆಸರು, ಇವತ್ತಿಗೂ ನಡೆಯುತ್ತಿದೆ. ವಿಮೆ ಕೊಡುವ ಮೊದಲು ಮನೆ ನೋಡಿ ಬರುವ ಪದ್ಧತಿ ಇತ್ತು. ಮನೆ ಹೇಗಿದೆ ಅನ್ನುವುದರ ಮೇಲೆ ಕಂತು. ಮೊದಲು ಉಪದೇಶದಲ್ಲಿದ್ದದ್ದು ಈಗ ಜೇಬಿಗೆ ಬಂತು. 1781ರಲ್ಲಿ ಇವರು ಮುಂದೆ ಮರವಿರುವ ಮನೆಗಳಿಗೆ ವಿಮೆ ಇಲ್ಲ ಅಂದಾಗ ಸಿಟ್ಟಾದವರು ಬೇರೆ ಸಂಸ್ಥೆಯನ್ನೇ ಕಟ್ಟಿ, ಹಸಿರು ಮರವನ್ನೇ ಅದರ ಚಿಹ್ನೆ ಮಾಡಿಕೊಂಡರಂತೆ. ಮರಕ್ಕಾಗಿ ಜಗಳ ಆಡುವುದು ಬೆಂಗಳೂರಿನವರು ಮಾತ್ರ ಅಲ್ಲ ಬಿಡಿ.

1757ರಿಂದ ಹೆಚ್ಚಿನ ಕಾಲ ಲಂಡನ್ನಿನಲ್ಲಿ, ವಸಾಹತಿನ ಪ್ರತಿನಿಧಿಯಾಗಿ. ಕ್ರೇವನ್ ಸ್ಟ್ರೀಟಿನ ಬಾಡಿಗೆ ಮನೆಯಲ್ಲಿ ವಾಸ. ರಾಜಕೀಯಕ್ಕೆ ಅಂತ ಹೋದವನು ಮೊದಲು ಆ ಮನೆಯ ಚಿಮ್ನಿಗೆ ಒಂದು ಜಾರು ತಗಡು ಕೂರಿಸಿದ. ತಗಡು ಎಳೆದರೆ ಸೆಳೆತ ಕಡಿಮೆ, ಬಿಟ್ಟರೆ ಜಾಸ್ತಿ. ಸ್ನೇಹಿತರ ಮನೆಗಳಲ್ಲಿ ಹೊಗೆ ಸುತ್ತಿಕೊಂಡರೆ ಇವನಿಗೇ ಕರೆ ಬರತೊಡಗಿತು.

ಅದೇ ಊರಲ್ಲಿದ್ದಾಗ ಒಂದು ಬೇರೆ ದಾರಿಯನ್ನೂ ಹಿಡಿದ. ಎಂಟು ವರ್ಷ ಹಿಂದೆ, 1750ರ ಜೂನ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ನೆರಳಲ್ಲೇ 100 ಡಿಗ್ರಿ ಫ್ಯಾರನ್‌ಹೀಟ್ ಸೆಕೆ. ಬೆವರಿನಿಂದ ಒದ್ದೆಯಾದ ಅಂಗಿಯಲ್ಲಿ ಕೂತಿದ್ದಾಗ ಮೇಜು, ಕುರ್ಚಿ ಮುಟ್ಟಿದರೆ ಬಿಸಿ, ಮೈ ಮಾತ್ರ ಅಷ್ಟು ಬಿಸಿಯಿಲ್ಲ. ಯಾಕೆ ಅನ್ನುವುದು ತಲೆಯಲ್ಲೇ ಉಳಿದಿತ್ತು. 1758ರಲ್ಲಿ ಕೇಂಬ್ರಿಜ್‌ನಲ್ಲಿ ಪ್ರಾಧ್ಯಾಪಕ ಜಾನ್ ಹ್ಯಾಡ್ಲಿ ಜೊತೆ ಕೂತು ಥರ್ಮಾಮೀಟರಿನ ಬುರುಡೆಗೆ ಈಥರ್ ಸವರುವುದು, ತಿದಿ ಊದಿ ಆರಿಸುವುದು, ಮತ್ತೆ ಸವರುವುದು. ಕೋಣೆಯಲ್ಲಿ 65 ಡಿಗ್ರಿ ಫ್ಯಾರನ್‌ಹೀಟ್ ಇದ್ದದ್ದು ಕೊನೆಗೆ 7ಕ್ಕೆ ಇಳಿಯಿತು, ಬುರುಡೆಯ ಸುತ್ತ ಕಾಲು ಅಂಗುಲದಷ್ಟು ಮಂಜುಗಡ್ಡೆ! ಬೇಸಿಗೆಯ ದಿನವೂ ಮನುಷ್ಯನನ್ನು ಹೀಗೆ ಮರಗಟ್ಟಿಸಿ ಕೊಲ್ಲಬಹುದು ಅಂತ ಆತ ತಮಾಷೆಗೋ ಗಂಭೀರವಾಗಿಯೋ ಬರೆದಿಟ್ಟ. ಮಣ್ಣಿನ ಮಡಕೆಯ ನೀರು ತಣ್ಣಗಿರುವುದು, ಫ್ರಿಜ್ಜು, ಎಸಿ ತಂಪಾಗಿಸುವುದು, ಎಲ್ಲದರ ಬುಡದಲ್ಲಿರುವುದು ದ್ರವ ಆವಿಯಾಗುವಾಗ ಶಾಖ ಕಸಿಯುವ ಇದೇ ಗುಣ. ಆದರೆ ಈಥರ್‌ಗೆ ಒಂದು ಕಿಡಿ ಸಾಕು, ಭಗ್ ಅಂತ ಹೊತ್ತಿಕೊಳ್ಳುತ್ತದೆ. ಈಗಲೂ ಓಜೋನ್, ಭೂಮಿಯ ಬಿಸಿ ಅಂತ ಹಳೆಯ ಅನಿಲಗಳನ್ನು ಬಿಟ್ಟು ಕೆಲವು ಎಸಿಗಳಲ್ಲಿ ಪ್ರೊಪೇನ್ ತುಂಬುತ್ತಿದ್ದಾರೆ. ಅಂಥ ಎಸಿಯನ್ನು ಬೀದಿ ಬದಿಯ ಯಾರೋ ಬಿಚ್ಚಿ ಗ್ಯಾಸ್ ತುಂಬಿಸಿದರೆ ಏನಾಗುತ್ತದೆ ಅನ್ನುವುದು ಲೈಸೆನ್ಸ್ ಕೇಳಿದ ಆ ಮುದುಕಪ್ಪನಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ನಂತರದ ವರ್ಷಗಳನ್ನು ಇತಿಹಾಸದ ಪುಸ್ತಕಗಳು ಚೆನ್ನಾಗಿ ಹೇಳುತ್ತವೆ: 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ, ಫ್ರಾನ್ಸಿನಲ್ಲಿ ರಾಯಭಾರಿ, 1783ರಲ್ಲಿ ಬ್ರಿಟನ್ ಜೊತೆ ಒಪ್ಪಂದ. 1785ರಲ್ಲಿ, 79ರ ವಯಸ್ಸಿನಲ್ಲಿ ಮನೆಗೆ ವಾಪಸ್ ಹೊರಟ. ಹಡಗಿನಲ್ಲಿ ಆತ್ಮಕಥೆ ಮುಂದುವರಿಸು ಅಂತ ಸ್ನೇಹಿತರ ಒತ್ತಾಯ. ಈ ಅಜ್ಜ ಅದು ಬಿಟ್ಟು ವಿಯೆನ್ನಾದ ವೈದ್ಯ ಮಿತ್ರ ಇಂಗನ್‌ಹೌಸ್‌ಗೆ ಚಿಮ್ನಿಗಳ ಬಗ್ಗೆ ಉದ್ದದ ಪತ್ರ ಬರೆಯುತ್ತಾ ಕೂತ. ಚಿಮ್ನಿ ಹೊಗೆ ಉಗುಳಲು ಒಂಬತ್ತು ಕಾರಣ, ಒಂದೊಂದಕ್ಕೂ ಪರೀಕ್ಷೆ, ಪರಿಹಾರ. ಮೊದಲನೆಯದೇ ನಮಗೆ ಆಶ್ಚರ್ಯ ತಂದದ್ದು: ಮನೆ ತುಂಬಾ ಚೆನ್ನಾಗಿ ಕಟ್ಟಿರುವುದು! ಹೊಸ ಮನೆಯ ಬಾಗಿಲು ಕಿಟಕಿ ಬಿಗಿಯಾಗಿ ಕೂತು ಸಂದಿಯೇ ಇಲ್ಲದಿದ್ದರೆ ಚಿಮ್ನಿಗೆ ಹೋಗಲು ಗಾಳಿ ಎಲ್ಲಿಂದ ಬರಬೇಕು? ಗ್ಯಾಸ್ ಗೀಸರ್ ಇರುವ ಬಚ್ಚಲಿಗೆ ಗಾಳಿಕಿಂಡಿ ಬೇಕೇ ಬೇಕು ಅನ್ನುವುದಕ್ಕೂ ಕಾರಣ ಇದೇ.

ಆ ಪತ್ರದಲ್ಲಿ ನಮಗೆ ಎಲ್ಲಕ್ಕಿಂತ ಇಷ್ಟವಾದದ್ದು ಆತ ಸೋತ ಕಥೆ. ಲಂಡನ್ ಹತ್ತಿರದ ಹಳ್ಳಿಯೊಂದರಲ್ಲಿ ಸ್ನೇಹಿತನ ಮನೆ. ಅದರ ಅತಿ ಒಳ್ಳೆಯ ಕೋಣೆಯಲ್ಲಿ ಬೆಂಕಿ ಹಾಕಿದರೆ ಹೊಗೆಯೆಲ್ಲ ಒಳಗೇ. ಫ್ರಾಂಕ್ಲಿನ್ ಹುರುಪಿನಿಂದ ಹೋದ. ಬಾಗಿಲು ತೆರೆದು ನೋಡಿದ, ಗಾಳಿಯ ಕೊರತೆಯಲ್ಲ. ಬೆಂಕಿಗೂಡಿನ ಬಾಯಿ ಕಿರಿದು ಮಾಡಿ ನೋಡಿದ, ಅದೂ ಅಲ್ಲ. ಹೊರಗೆ ಹೋಗಿ ಚಿಮ್ನಿಯ ಎತ್ತರ ನೋಡಿದ, ಪಕ್ಕದ ಗಿಡ್ಡ ಚಿಮ್ನಿಗಳೇ ಸರಾಗವಾಗಿ ಎಳೆಯುತ್ತಿವೆ. ಗೊತ್ತಿದ್ದ ವಿದ್ಯೆಯೆಲ್ಲ ಮುಗಿದು ಕೈಚೆಲ್ಲಿದ. ಸ್ವಲ್ಪ ದಿನದ ಮೇಲೆ, ಚಿಮ್ನಿಯ ಬಗ್ಗೆ ಏನೂ ಗೊತ್ತಿಲ್ಲದ ಆ ಸ್ನೇಹಿತ ಏಣಿ ಹಾಕಿ ಮೇಲೆ ಹತ್ತಿ ಒಳಗೆ ಇಣುಕಿದ. ಕಡ್ಡಿ, ಹುಲ್ಲು, ಜೇಡಿಮಣ್ಣು, ಪುಕ್ಕ. ಮನೆ ಕೆಲವು ವರ್ಷ ಖಾಲಿ ಬಿದ್ದಿದ್ದಾಗ ಯಾವುದೋ ದೊಡ್ಡ ಹಕ್ಕಿ ಗೂಡು ಕಟ್ಟಿಕೊಂಡು ಚಿಮ್ನಿ ಪೂರ್ತಿ ಮುಚ್ಚಿಹೋಗಿತ್ತು. ಜಗತ್ಪ್ರಸಿದ್ಧ ವಿಜ್ಞಾನಿ ಏಣಿ ಹತ್ತಿರಲಿಲ್ಲ, ಅಷ್ಟೇ! ಇದನ್ನು ಮುಚ್ಚಿಡದೆ ತಾನೇ ಬರೆದುಕೊಂಡಿದ್ದಕ್ಕೆ ನಾವು ಆತನಿಗೆ ಪೂರ್ತಿ ವೈವಾ ಮಾರ್ಕ್ಸ್ ಕೊಟ್ಟೆವು.

ಫಿಲಡೆಲ್ಫಿಯಾಕ್ಕೆ ಬಂದ ಮೇಲೆ ಮನೆ ದೊಡ್ಡದು ಮಾಡಿಸಿದ, ಪಕ್ಕದಲ್ಲಿ ಹೊಸ ಮನೆಗಳನ್ನೂ ಕಟ್ಟಿಸಿದ. ಎಂಬತ್ತು ದಾಟಿತ್ತು, ಮೂತ್ರಕೋಶದ ಕಲ್ಲಿನ ನೋವು ಬೇರೆ. ಆದರೂ ಐವತ್ತು ವರ್ಷದ ಹಿಂದಿನ ಪತ್ರದಲ್ಲಿ ಸಲಿಕೆಯಿಂದ ಕೆಂಡ ಬಿದ್ದ ಆ ಸಂದಿಯನ್ನು ಆತ ಮರೆತಿರಲಿಲ್ಲ. ಒಂದು ಕೋಣೆಯ ಮರಕ್ಕೂ ಇನ್ನೊಂದು ಕೋಣೆಯ ಮರಕ್ಕೂ ಎಲ್ಲೂ ಸಂಪರ್ಕ ಇರದ ಹಾಗೆ ಕಟ್ಟಿಸಿದ. ನೆಲದ ಹಲಗೆಗಳ ಅಡಿಗೆ, ಮೆಟ್ಟಿಲುಗಳ ಅಡಿಗೂ ಒತ್ತಿ ಗಾರೆ ಬಳಿಸಿದ. ಚಾವಣಿಗೆ ಹತ್ತಲು ಕಿಂಡಿಬಾಗಿಲು ಇಡಿಸಿದ, ಪಕ್ಕದ ಮನೆಗೆ ಬೆಂಕಿ ಬಿದ್ದರೆ ಮೇಲೆ ಹೋಗಿ ಮರದ ಹಂಚುಗಳನ್ನು ಒದ್ದೆ ಮಾಡಲು. ಇಷ್ಟಾದರೂ ತೃಪ್ತಿಯಿಲ್ಲ, ಪ್ಯಾರಿಸಿನ ಹಾಗೆ ಮೆಟ್ಟಿಲು ಕಲ್ಲಿನದೇ ಇರಬೇಕಿತ್ತು ಅಂತ ಗೊಣಗಿದ.

ಮನೆ ದೊಡ್ಡದು ಮಾಡಿಸುವಾಗ ಹಳೆಯ ಮಿಂಚುವಾಹಕವನ್ನು ಕೆಳಗಿಳಿಸಬೇಕಾಯಿತು. ಮನೆಗೆ ಒಮ್ಮೆ ಸಿಡಿಲು ಬಡಿದು, ಬೆಂಕಿ ಬಿತ್ತೆಂದು ನೆರೆಯವರೆಲ್ಲ ಓಡಿಬಂದಿದ್ದರು. ನೋಡಿದರೆ ಏನೂ ಆಗಿರಲಿಲ್ಲ, ಮನೆಯವರು ಸದ್ದಿಗೆ ಹೆದರಿದ್ದರು ಅಷ್ಟೇ. ಈಗ ಸಲಾಕೆ ಕೈಗೆ ಬಂದಾಗ ಅದರ ತುದಿಯ ಒಂಬತ್ತು ಅಂಗುಲದ ತಾಮ್ರದ ಮೊನೆ ಹೆಚ್ಚುಕಡಿಮೆ ಪೂರ್ತಿ ಕರಗಿಹೋಗಿತ್ತು.

1790ರ ಏಪ್ರಿಲ್ 17ರಂದು ಅದೇ ಮನೆಯಲ್ಲಿ ಫ್ರಾಂಕ್ಲಿನ್ ತೀರಿಕೊಂಡ. ಆ ಮನೆ ಸುಟ್ಟುಹೋಗಲಿಲ್ಲ. 1812ರಲ್ಲಿ ವಾರಸುದಾರರು ಜಾಗಕ್ಕಾಗಿ ಅದನ್ನು ಕೆಡವಿಸಿದರು. ಈಗ ಅಲ್ಲಿ ಮನೆಯ ಆಕಾರಕ್ಕೆ ಸರಿಯಾಗಿ ನಿಲ್ಲಿಸಿದ ಖಾಲಿ ಉಕ್ಕಿನ ಚೌಕಟ್ಟೊಂದಿದೆ. ಗೋಡೆಯಿಲ್ಲ, ಮಾಡಿಲ್ಲ, ಆದರೆ ಚಿಮ್ನಿಗಳನ್ನು ಮಾತ್ರ ಬಿಡದೆ ಮಾಡಿದ್ದಾರೆ.